ಆಟದೊಳಗಿನ ಲೋಕಕ್ಕೆ ಪ್ರಶಸ್ತಿ: ವಿಭಾಗ ಹೇಗೆ ಮಾಡಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ಗೇಮಿಂಗ್ ಕ್ಲಬ್ ಪ್ರತಿ ವರ್ಷ ವಿಡಿಯೊ ಗೇಮ್‌ಗಳಿಗೆ ಪ್ರಶಸ್ತಿ ಕೊಡುತ್ತದೆ. ಅದರಲ್ಲಿ ‘ಬೆಸ್ಟ್ ವರ್ಲ್ಡ್ ಬಿಲ್ಡಿಂಗ್’ (ಆಟದೊಳಗಿನ ಲೋಕವನ್ನು ಚೆನ್ನಾಗಿ ಕಟ್ಟಿದ್ದಕ್ಕೆ) ಅಂತ ಒಂದು ವಿಭಾಗ ಇದೆ. ಆದರೆ ಪ್ರತಿ ಸಲವೂ ದೊಡ್ಡ ಮ್ಯಾಪ್, ಒಳ್ಳೆ ಗ್ರಾಫಿಕ್ಸ್ ಇರುವ ಆಟಕ್ಕೇ ವೋಟು ಬೀಳುತ್ತದೆ. ಓಪನ್ ವರ್ಲ್ಡ್ (ಎಲ್ಲಿ ಬೇಕಾದರೂ ತಿರುಗಾಡಬಹುದಾದ ಆಟ), ಇಂಡೀ (ಸಣ್ಣ ತಂಡಗಳು ಸ್ವತಂತ್ರವಾಗಿ ಮಾಡಿದ ಆಟ), ಫ್ಯಾಂಟಸಿ ಅಂತ ಒಡೆದು ಬೇರೆ ಬೇರೆ ವಿಭಾಗ ಮಾಡಬಹುದಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಒಡೆಯೋದು ಆಮೇಲೆ. ಏನನ್ನು ಅಳೆಯುತ್ತಿದ್ದೀರಿ ಅನ್ನೋದನ್ನು ಮೊದಲು ತೀರ್ಮಾನಿಸಿ. ನಿಮ್ಮ ಸದಸ್ಯರು ಕಣ್ಣಿಗೆ ಚಂದ ಕಂಡದ್ದಕ್ಕೆ ವೋಟು ಹಾಕುತ್ತಿದ್ದಾರೆ. ಅದು ಆರ್ಟ್ ಡೈರೆಕ್ಷನ್‌ಗೆ ಹೋಗಬೇಕಾದ ವೋಟು. 2014ರಲ್ಲಿ ಶುರುವಾದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಕಥೆ, ಕಲೆ, ಸಂಗೀತ, ಸೌಂಡ್ ಎಲ್ಲಕ್ಕೂ ಬೇರೆ ಬೇರೆ ವಿಭಾಗ ಇವೆ. ಲೋಕ ಕಟ್ಟಿದ್ದಕ್ಕೆ ಅಂತ ಮಾತ್ರ ಇಲ್ಲ. 2018ರಲ್ಲಿ, ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಕೊಡುವ ಸ್ಟೀಮ್ ಅವಾರ್ಡ್ಸ್ ‘ಬೆಸ್ಟ್ ಎನ್ವಿರಾನ್‌ಮೆಂಟ್’ ಅಂತ ಒಂದನ್ನು ಇಟ್ಟಿತ್ತು. ಅದು ‘ದಿ ವಿಚರ್ 3’ಗೆ ಹೋಯಿತು. ಆದರೆ ಆ ಹೆಸರು ಕೇಳಿದರೆ ಬೆಟ್ಟ, ಕಾಡು, ಬೆಳಕು ನೆನಪಾಗುತ್ತದೆಯೇ ಹೊರತು ಅಲ್ಲಿನ ಬದುಕು ನೆನಪಾಗುವುದಿಲ್ಲ, ಅಲ್ವಾ?

ನನ್ನ ಪ್ರಕಾರ ವ್ಯಾಖ್ಯೆ ಇಷ್ಟೇ ಸಾಕು: ಆ ಲೋಕ ನಡೆಯೋದಕ್ಕೆ ಅದರದ್ದೇ ನಿಯಮ ಇರಬೇಕು, ಮತ್ತು ಆಟಗಾರ ಆಡುತ್ತಾ ಆಡುತ್ತಾ ಅದನ್ನು ತಾನೇ ಕಂಡುಕೊಳ್ಳಬೇಕು.

2019ರ ‘ಔಟರ್ ವೈಲ್ಡ್ಸ್’ ನೋಡಿ. ಅದು ಪುಟಾಣಿ ಸೌರಮಂಡಲ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಆಟ ಮತ್ತೆ ಮೊದಲಿಂದ. ಅಲ್ಲಿ ಒಂದನ್ನೊಂದು ಸುತ್ತುವ ಜೋಡಿ ಗ್ರಹಗಳಿವೆ. ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಲೇ ಇರುತ್ತದೆ. ಶುರುವಿನಲ್ಲಿ ಒಂದು ಗ್ರಹದ ಹಳೇ ಕಟ್ಟಡಗಳು ಮರಳಲ್ಲಿ ಹೂತಿರುತ್ತವೆ, ಇನ್ನೊಂದರ ಗುಹೆಗಳು ತೆರೆದಿರುತ್ತವೆ. ನಿಮಿಷಗಳು ಕಳೆದ ಹಾಗೆ ಗುಹೆ ತುಂಬುತ್ತದೆ, ಅತ್ತ ಕಟ್ಟಡ ಮೇಲೆ ಬರುತ್ತದೆ. ತಡ ಮಾಡಿದರೆ ಗುಹೆಯೊಳಗೇ ಹೂತು ಹೋಗುತ್ತೀರಿ. ಬೇಗ ಹೋದರೆ ಕಟ್ಟಡದ ಬಾಗಿಲೇ ಸಿಗುವುದಿಲ್ಲ. ಇದನ್ನು ಯಾರೂ ಕರೆದು ಹೇಳುವುದಿಲ್ಲ. ಹೊಸ ಆಯುಧ ಇಲ್ಲ, ಲೆವೆಲ್ ಏರೋದಿಲ್ಲ. ಮುಂದಿನ ಸುತ್ತಿಗೆ ನೀವು ಒಯ್ಯುವುದು ನಿಮಗೆ ಗೊತ್ತಾದದ್ದನ್ನು ಮಾತ್ರ. ಮ್ಯಾಪ್ ಅಳತೆಯಲ್ಲಿ ಈ ಆಟ ಏನೇನೂ ಅಲ್ಲ. ಆದರೂ 2020ರಲ್ಲಿ ಬ್ರಿಟನ್ನಿನ ಸಿನಿಮಾ-ಟಿವಿ ಅಕಾಡೆಮಿ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಇದಕ್ಕೇ ಬಂತು.

ಹಾಗಂತ ದೊಡ್ಡ ಆಟಗಳನ್ನು ದೂರ ಇಡಬೇಡಿ. 2022ರ ‘ಎಲ್ಡನ್ ರಿಂಗ್’ ತುಂಬಾ ದೊಡ್ಡ ಆಟ. ಆದರೆ ಅಲ್ಲಿನ ಚರಿತ್ರೆ ತಿಳಿಯಬೇಕಾದರೆ ಸಿಕ್ಕ ಕತ್ತಿ, ಉಂಗುರ, ಬಟ್ಟೆಗಳ ವಿವರಣೆ ಓದಿ ನೀವೇ ಜೋಡಿಸಿಕೊಳ್ಳಬೇಕು. ಅದು ಗೆದ್ದರೆ ಈ ಕಾರಣಕ್ಕೆ ಗೆಲ್ಲಲಿ.

ವೋಟಿನ ಜೊತೆ ಎರಡು ಸಾಲು ಬರೆಸಿ: ಈ ಲೋಕದ ಬಗ್ಗೆ ನೀವೇ ಕಂಡುಕೊಂಡ ಒಂದು ವಿಷಯ ಯಾವುದು, ಎಲ್ಲಿ ಸಿಕ್ಕಿತು? ಕಟ್‌ಸೀನ್‌ನಲ್ಲಿ (ಆಟದ ನಡುವೆ ಸಿನಿಮಾದಂತೆ ಓಡುವ ದೃಶ್ಯದಲ್ಲಿ) ಪಾತ್ರಗಳು ಹೇಳಿದ್ದು ಲೆಕ್ಕಕ್ಕಿಲ್ಲ. ಉತ್ತರ ಬರೆಯದ ವೋಟು ಎಣಿಸಬೇಡಿ. ಇಷ್ಟು ಮಾಡಿದರೆ ಗ್ರಾಫಿಕ್ಸ್ ನೋಡಿ ಸುಮ್ನೆ ಒತ್ತುವ ವೋಟು ಕಡಿಮೆಯಾಗುತ್ತದೆ.

ಇಂಡೀ, ಫ್ಯಾಂಟಸಿ ಅಂತ ಒಡೆಯೋದು ನನಗೆ ಒಪ್ಪಿಗೆ ಇಲ್ಲ. ಸಣ್ಣ ಆಟವನ್ನು ಪಕ್ಕಕ್ಕೆ ಕೂರಿಸಿದ ಹಾಗಾಗುತ್ತದೆ. ವಿಭಾಗ ಜಾಸ್ತಿಯಾದರೆ ಒಂದೊಂದಕ್ಕೂ ಆಟಗಳೇ ಸಾಲುವುದಿಲ್ಲ. ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿಯವರು 2006ರಲ್ಲಿ ವಿಡಿಯೊ ಗೇಮ್‌ಗೆ ಒಂದು ವಿಭಾಗ ಮಾಡಿದ್ದರು. ನಾಮನಿರ್ದೇಶನಗಳೇ ಸಾಕಷ್ಟು ಬರಲಿಲ್ಲ, ಕೈಬಿಟ್ಟರು. 2021ರಲ್ಲಿ ಮತ್ತೆ ಒಂದು ವರ್ಷದ ಮಟ್ಟಿಗೆ ಇಟ್ಟಾಗ ‘ಹೇಡೀಸ್’ ಗೆದ್ದಿತು.

ಎರಡೇ ವಿಭಾಗ ಮಾಡಿ: ಸ್ವಂತ ಲೋಕ (ಆಟದವರೇ ಕಟ್ಟಿದ್ದು), ಎರವಲು ಲೋಕ (ಬೇರೆಯವರ ಕೃತಿಯಿಂದ ತಂದದ್ದು).

ಪ್ರಶ್ನೆ: ಕಾದಂಬರಿಯಿಂದ ಬಂದ ಆಟ ಎರವಲು ಅನ್ನೋದು ಸರಿ. ಪುರಾಣದಿಂದ ಬಂದದ್ದು?
– ಓದುಗರು, ಹುಬ್ಬಳ್ಳಿ

ಉತ್ತರ: ‘ವಿಚರ್’ ಲೋಕ ಪೋಲೆಂಡ್‌ನ ಲೇಖಕ ಆಂದ್ರೇ ಸಪ್ಕೋವ್‌ಸ್ಕಿ ಅವರದ್ದು, ಆಟ ಮಾಡಿದವರು ಬೇರೆ. ಅದು ಎರವಲು. ಅಲ್ಲಿ ಆಟದವರು ಹೊಸದಾಗಿ ಏನು ಸೇರಿಸಿದರು ಅನ್ನೋದನ್ನು ನೋಡಬೇಕು. ‘ಡಿಸ್ಕೊ ಎಲಿಸಿಯಮ್’ನ ಲೋಕವೂ ಮೊದಲು ಎಸ್ಟೋನಿಯನ್ ಕಾದಂಬರಿಯೊಂದರಲ್ಲಿ ಬಂದದ್ದೇ. ಆದರೆ ಕಾದಂಬರಿ ಬರೆದವರೇ ಆಟವನ್ನೂ ಮುನ್ನಡೆಸಿದರು. ನಾನಾದರೆ ಅದನ್ನು ಸ್ವಂತದ ಸಾಲಿಗೇ ಸೇರಿಸುತ್ತೇನೆ.

ಪುರಾಣ, ಜನಪದ, ಇತಿಹಾಸ ಯಾರೊಬ್ಬರ ಸೊತ್ತೂ ಅಲ್ಲ. ಪುಣೆಯಲ್ಲಿ ತಯಾರಾದ ‘ರಾಜಿ’ (2020) ದುರ್ಗೆ, ವಿಷ್ಣು ಇವರನ್ನೆಲ್ಲ ತಂದಿದೆ, ರಾಜಸ್ಥಾನದ ಕೋಟೆಗಳ ಜಾಡಿನಲ್ಲಿ ಕಟ್ಟಡ ಎಬ್ಬಿಸಿದೆ. ಅದನ್ನು ಎರವಲು ಅಂದರೆ ನಮ್ಮಲ್ಲಿ ತಯಾರಾಗುವ ಎಷ್ಟೋ ಆಟಗಳು ಸ್ವಂತ ವಿಭಾಗದ ಬಾಗಿಲನ್ನೇ ಕಾಣುವುದಿಲ್ಲ. ಇದು ಅನ್ಯಾಯ. ಹಾಗಂತ ಅಳತೆ ಸಡಿಲ ಮಾಡಬೇಡಿ. ‘ರಾಜಿ’ಯಲ್ಲಿ ಗೋಡೆಯ ಚಿತ್ರದ ಮುಂದೆ ನಿಂತರೆ ದೇವರ ಕಥೆಯನ್ನು ಹೇಳಿಬಿಡುತ್ತಾರೆ. ಆಟಗಾರನಿಗೆ ಹುಡುಕುವ ಕೆಲಸ ಕಡಿಮೆ. ನಾನು ಅಲ್ಲಿ ಅಂಕ ಕಳೆಯುತ್ತೇನೆ.

ಪ್ರಶ್ನೆ: ಕಂಪ್ಯೂಟರ್ ತಾನೇ ಹುಟ್ಟಿಸುವ ಲೋಕಗಳಿಗೆ ಬೇರೆ ವಿಭಾಗ ಬೇಡವೇ?
– ಓದುಗರು, ಮಂಗಳೂರು

ಉತ್ತರ: ಬೇಡ. ಹುಟ್ಟಿಸುವ ನಿಯಮ ಬರೆದವರು ಮನುಷ್ಯರೇ. ‘ನೋ ಮ್ಯಾನ್ಸ್ ಸ್ಕೈ’ಯಲ್ಲಿ ಗ್ರಹಗಳ ಸಂಖ್ಯೆ ಬರೆಯಲು 20 ಅಂಕಿ ಬೇಕು. ಅಷ್ಟಕ್ಕೇ ಮಾರು ಹೋಗಬೇಡಿ. ‘ಡ್ವಾರ್ಫ್ ಫೋರ್ಟ್ರೆಸ್’ ಆಡುವ ಮುಂಚೆಯೇ ನೂರಾರು ವರ್ಷಗಳ ಯುದ್ಧ, ರಾಜರು, ಊರುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಆಮೇಲೆ ನಿಮ್ಮ ಕೋಟೆಯ ಕುಳ್ಳರು ಗೋಡೆಯ ಮೇಲೆ ಕೆತ್ತುವ ಚಿತ್ರದಲ್ಲಿ ಅದೇ ಹಳೇ ಯುದ್ಧ ಬರಬಹುದು. ನನ್ನ ವೋಟು ಆ ಗೋಡೆಗೆ.