ಪದವಿನ (ಎತ್ತರದ ಬಯಲು ನೆಲದ) ಜಾಗದಲ್ಲಿ ನೆಟ್ಟ ಗೇರು ಕಸಿಗಿಡ ಮೊದಲ ಬೇಸಿಗೆಗೇ ಯಾಕೆ ಒಣಗುತ್ತದೆ?

ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪದವಿನಲ್ಲಿ ಮಣ್ಣು ತೆಳು, ನೀರು ನಿಲ್ಲುವುದಿಲ್ಲ. ಬೇಸಿಗೆಗೆ ಮೊದಲು ಬೇರು ಆಳಕ್ಕೆ ಇಳಿದಿರಲೇಬೇಕು.

ಹಾಗಾಗಿ ಜೂನ್ ಮಳೆ ಹಿಡಿದ ಕೂಡಲೇ ನೆಡಿ. ಗುಂಡಿ ಒಂದು ಮೀಟರ್ ಉದ್ದಗಲ, ಅಷ್ಟೇ ಆಳ ಇರಲಿ. ಕಲ್ಲು ಒಡೆಯಲು ಬೇಜಾರೆಂದು ಸಣ್ಣ ಗುಂಡಿ ಮಾಡಿದರೆ ಬೇರು ಚಟ್ಟಿಯಲ್ಲಿಟ್ಟ ಹಾಗೆ ಅಲ್ಲೇ ಸುತ್ತುತ್ತದೆ. ಮೇಲ್ಮಣ್ಣು, ಹಟ್ಟಿಗೊಬ್ಬರ ತುಂಬಿ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ, ಅದರ ಕೆಳಗಿನ ಚಿಗುರು ಚಿವುಟಿ. ಮಳೆ ಬಿಟ್ಟ ಮೇಲೆ ಬುಡಕ್ಕೆ ತರಗೆಲೆ ದಪ್ಪಗೆ ಮುಚ್ಚಿ. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಕೊಟ್ಟರೂ ದೊಡ್ಡ ಉಪಕಾರ.

ಮೊದಲೆರಡು ವರ್ಷ ಹೂ ಬಂದರೆ ಕಿತ್ತುಹಾಕಿ. ಸಂಕಟ ಆಗುತ್ತದೆ, ಗೊತ್ತು!