ಹೊಸ ಹಾಯಿಗಿಂತ ಮೊದಲು ಕಂಬದ ತಂತಿಗಳು

ನಿಮ್ಮ 22 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಗೆ ಹೊಸ ಹಾಯಿ ಮೊದಲೋ, ಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳು ಮೊದಲೋ ಎಂದು ಕೇಳಿದ್ದೀರಿ. ತಂತಿಗಳೇ ಮೊದಲು, ಇದರಲ್ಲಿ ನನಗೆ ಸಂದೇಹವಿಲ್ಲ. ಹಾಯಿ ಹರಿದರೂ ಹುಟ್ಟು ಹಾಕಿಯೋ ಎಂಜಿನ್ ನಡೆಸಿಯೋ ದಡ ಸೇರಬಹುದು. ತಂತಿ ತುಂಡಾದರೆ ಕಂಬವೇ ತಲೆಯ ಮೇಲೆ ಬೀಳಬಹುದು.

ಸ್ಟೇನ್‌ಲೆಸ್ ಸ್ಟೀಲ್ ತಂತಿಗಳನ್ನು 10ರಿಂದ 15 ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಿಮ್ಮವು 18 ವರ್ಷ ಹಳೆಯವು ಎಂದಿದ್ದೀರಿ, ಹೊಳಪು ಕಂಡು ಮೋಸಹೋಗಬೇಡಿ. ತೆಳು ಕಾಗದವನ್ನು ತಂತಿಯುದ್ದಕ್ಕೂ ಸವರಿ; ಒಂದು ಎಳೆ ಮುರಿದಿದ್ದರೂ ಕಾಗದ ಸಿಕ್ಕಿಕೊಳ್ಳುತ್ತದೆ. ಬರಿಗೈ ಸವರಬೇಡಿ, ಆ ಎಳೆ ಬೆರಳನ್ನು ಸೀಳುತ್ತದೆ.

ತಂತಿಯ ಕೆಳತುದಿ ಸೇರುವ ಲೋಹದ ಪಟ್ಟಿಗಳನ್ನು ಬಿಚ್ಚಿಯೇ ನೋಡಿ. ಅವು ಡೆಕ್ಕಿನೊಳಗೆ, ಅಂದರೆ ದೋಣಿಯ ಮೇಲ್ಹಾಸಿನೊಳಗೆ, ಇಳಿಯುವಲ್ಲಿ ನೀರು ನಿಲ್ಲುತ್ತದೆ, ಗಾಳಿಯಾಡದ ಆ ಸಂದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ನನ್ನ ದೋಣಿಯಲ್ಲಿ ಹೊರಗೆ ಕನ್ನಡಿಯಂತಿದ್ದ ಪಟ್ಟಿ ಒಳಗೆ ಅರ್ಧ ಬಿರುಕು ಬಿಟ್ಟಿತ್ತು. ಅದನ್ನು ಕಂಡ ದಿನ ಕೈ ನಡುಗಿತ್ತು. ಸುತ್ತಲಿನ ಡೆಕ್ಕನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ತಟ್ಟಿ. ಸದ್ದು ಮಂಕಾದರೆ ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ನೆನೆದು ಕೊಳೆತಿರಬಹುದು, ಅದನ್ನು ಸರಿಪಡಿಸದೆ ಹೊಸ ತಂತಿ ಬಿಗಿಯಬೇಡಿ.

ಕಂಬವನ್ನು ಇಳಿಸಿಯೇ ಈ ಕೆಲಸ ಮಾಡಿ. ಹಳೆಯ ತಂತಿಗಳನ್ನು ಎಸೆಯಬೇಡಿ, ಹೊಸದರ ಅಳತೆಗೆ ಅವೇ ಬೇಕು.

ಹಾಯಿಯ ಬಟ್ಟೆಗಿಂತ ಮೊದಲು ಬಿಸಿಲಿಗೆ ಸೋಲುವುದು ಹೊಲಿಗೆಯ ದಾರ. ಮರುಹೊಲಿಗೆ ಹಾಕಿಸಿದರೆ ಈ ಹಳೆಯ ಹಾಯಿಯಲ್ಲೇ ಹಾಯಿಯಾನದ ಇನ್ನೆರಡು ಋತು ಸಾಗಬಹುದು.