ಭಾರದ ಬ್ಯಾಗ್ ಹೊತ್ತು ಮಗನ ಪಾದ ಚಪ್ಪಟೆಯಾಯಿತಾ?

ಮೂರನೇ ಕ್ಲಾಸಿನ ಮಗ ಬ್ಯಾಗ್ ಹೊತ್ತರೆ ಮುಂದಕ್ಕೆ ಬಾಗಿ ದಪದಪ ಹೆಜ್ಜೆ ಹಾಕುತ್ತಾನೆ, ಪಾದವೂ ಚಪ್ಪಟೆ ಇದೆ, ಎಲ್ಲಾ ಬ್ಯಾಗಿನಿಂದಲೇನಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಇದೇ ಪ್ರಶ್ನೆ ಹಿಡಿದು ಬರುವ ಅಪ್ಪ ಅಮ್ಮಂದಿರು ತುಂಬಾ ಜನ. ನಡಿಗೆಗೆ ಬ್ಯಾಗ್ ಕಾರಣ, ಹೌದು. ಪಾದಕ್ಕೆ ಮಾತ್ರ ಅದನ್ನು ಬೈಯಬೇಡಿ.

ಬೆನ್ನ ಮೇಲೆ ಭಾರ ಬಿದ್ದರೆ ಮೈ ಹಿಂದಕ್ಕೆ ಜಗ್ಗುತ್ತದೆ. ಅದನ್ನು ಸರಿದೂಗಿಸಲು ಮಗು ಸೊಂಟದಿಂದ ಮುಂದಕ್ಕೆ ಬಾಗುತ್ತದೆ, ಕತ್ತು ಚಾಚುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಹೊತ್ತು ಜಾಸ್ತಿಯಾಗುತ್ತದೆ. ಅಂಗಾಲಿನ ಮೇಲೆ ಒತ್ತಡ ಏರಿ ಪಾದ ಇನ್ನಷ್ಟು ಅಗಲವಾಗಿ ಊರುತ್ತದೆ. ಒಂದೇ ಹೆಗಲಿಗೆ ನೇತುಹಾಕಿಕೊಂಡರಂತೂ ಮೈ ಒಂದು ಕಡೆ ವಾಲಿ ಎರಡು ಕಾಲಿಗೂ ಭಾರ ಸಮನಾಗಿ ಬೀಳುವುದಿಲ್ಲ. ಬ್ಯಾಗ್ ಇಳಿಸಿದ ಮೇಲೆ ನಡೆಸಿ ನೋಡಿ. ನಡಿಗೆ ಸರಿಹೋದರೆ ಅದು ಭಾರದ್ದೇ ಆಟ. ಬ್ಯಾಗ್ ಇಲ್ಲದಾಗಲೂ ಹಾಗೇ ನಡೆದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ಇದು ಇವತ್ತಿನ ದೂರಲ್ಲ. ನಮ್ಮ ಮೈಸೂರಿನ ಲೇಖಕ ಆರ್.ಕೆ. ನಾರಾಯಣ್ 1989ರಲ್ಲೇ ರಾಜ್ಯಸಭೆಯಲ್ಲಿ ಈ ಬಗ್ಗೆ ಮಾತಾಡಿದ್ದರು. ಚೀಲ ಹೊತ್ತ ಮಕ್ಕಳು ಬೆನ್ನು ಬಾಗಿಸಿ ಚಿಂಪಾಂಜಿಯಂತೆ ಕೈ ಮುಂದಕ್ಕೆ ಇಳಿಬಿಟ್ಟು ನಡೆಯುತ್ತಾರೆ ಅಂದಿದ್ದರು. ಆಮೇಲೆ ಮಕ್ಕಳ ಓದಿನ ಹೊರೆ ಇಳಿಸುವ ದಾರಿ ಹುಡುಕಲು ಯಶಪಾಲ್ ಸಮಿತಿ ಆಯಿತು, 1993ರಲ್ಲಿ ವರದಿಯೂ ಬಂತು. ಚೀಲ ಮಾತ್ರ ಹಗುರಾಗಲಿಲ್ಲ!

ಇನ್ನು ಪಾದ. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿಯೇ ಇರುತ್ತದೆ. ಅಂಗಾಲಿನ ಕಮಾನು, ಅಂದರೆ ಒಳಬದಿಯ ಬಾಗಿದ ಭಾಗ, ನಿಧಾನವಾಗಿ, ವರ್ಷಗಳ ಮೇಲೆ ಮೂಡುತ್ತದೆ. ಎಂಟು ವರ್ಷಕ್ಕೂ ಪೂರ್ತಿ ಮೂಡದ ಮಕ್ಕಳು ಬೇಕಾದಷ್ಟಿದ್ದಾರೆ. ಮಗನನ್ನು ಬರಿಗಾಲಲ್ಲಿ ತುದಿಗಾಲ ಮೇಲೆ ನಿಲ್ಲಿಸಿ. ಆಗ ಕಮಾನು ಕಾಣಿಸಿಕೊಂಡರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಅಂಗಡಿಯವರು ತೋರಿಸುವ ದುಬಾರಿ ಇನ್‌ಸೋಲ್ ಕೂಡ ಬೇಡ, ಸುಮ್ನೆ ದುಡ್ಡು ದಂಡ. ತುದಿಗಾಲಲ್ಲಿ ನಿಂತರೂ ಪಾದ ಬಿಗಿಯಾಗಿ ಚಪ್ಪಟೆಯೇ ಇದ್ದರೆ, ಒಂದೇ ಕಾಲು ಹಾಗಿದ್ದರೆ, ಕುಂಟಿದರೆ ಅಥವಾ ನೋವು ಅಂದರೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ಈಗ ಬ್ಯಾಗ್ ತೂಗಿ. ಮಗ ಬ್ಯಾಗ್ ಸಮೇತ ತಕ್ಕಡಿ ಮೇಲೆ ನಿಲ್ಲಲಿ, ಆಮೇಲೆ ಬ್ಯಾಗ್ ಇಳಿಸಿ ನಿಲ್ಲಲಿ. ಕೇಂದ್ರದ 2020ರ ನೀತಿ ಪ್ರಕಾರ ಬ್ಯಾಗಿನ ತೂಕ ಮಗುವಿನ ತೂಕದ ಶೇ. 10 ದಾಟಬಾರದು. ಮಗ 24 ಕೆ.ಜಿ. ಇದ್ದರೆ ಬ್ಯಾಗ್ 2.4 ಕೆ.ಜಿ. ನಮ್ಮ ರಾಜ್ಯದ 2019ರ ಆದೇಶದಲ್ಲಿ 3ರಿಂದ 5ನೇ ಕ್ಲಾಸಿಗೆ 2ರಿಂದ 3 ಕೆ.ಜಿ. ಅಂತಿದೆ. ಒಂದು ಲೀಟರ್ ನೀರೇ ಒಂದು ಕೆ.ಜಿ., ಸ್ಟೀಲ್ ಬಾಟಲಿಯ ತೂಕ ಬೇರೆ. ಶಾಲೆಯಲ್ಲಿ ಒಳ್ಳೆ ನೀರು ಸಿಗುವುದಾದರೆ ಅರ್ಧ ಲೀಟರ್ ಸಾಕು. ರಾಜ್ಯ ಪಠ್ಯಕ್ರಮವಾದರೆ ಈಗ ಪುಸ್ತಕ ಎರಡು ಭಾಗವಾಗಿ ಬರುತ್ತಿದೆ. ಭಾಗ 1 ಮುಗಿದ ಮೇಲೂ ಅದು ಬ್ಯಾಗಿನ ತಳದಲ್ಲೇ ಕೂತಿರುತ್ತದೆ, ಒಮ್ಮೆ ಹುಡುಕಿ ನೋಡಿ. ದಪ್ಪ ಪುಸ್ತಕ ಬೆನ್ನಿಗೆ ಒತ್ತಿಕೊಂಡಿರಲಿ, ಪಟ್ಟಿ ಎರಡೂ ಹೆಗಲ ಮೇಲಿರಲಿ, ಬ್ಯಾಗ್ ಸೊಂಟದಿಂದ ಕೆಳಗೆ ಜೋತಾಡದಂತೆ ಪಟ್ಟಿ ಬಿಗಿ ಮಾಡಿ. ಟ್ರಾಲಿ ಬ್ಯಾಗ್ ನನಗೆ ಇಷ್ಟವಿಲ್ಲ. ಖಾಲಿ ಇದ್ದರೂ ಭಾರ, ಮೆಟ್ಟಿಲು ಬಂದರೆ ಅದನ್ನೂ ಹೊರಬೇಕು.

ಹಾಗೇ ಶೂ ಕೂಡ ನೋಡಿ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಸೈಜ್ ತಂದಿದ್ದರೆ, ಪಾದ ಒಳಗೆ ಜಾರಿ ಮಗು ಬೆರಳು ಮಡಚಿ ಹಿಡಿದು ನಡೆಯುತ್ತದೆ. ದಪದಪ ಸದ್ದಿಗೆ ಅದೂ ಕಾರಣ ಇರಬಹುದು. ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು.